ಬೆಳ್ಳಗಿರುವುದೆಲ್ಲ ಹಾಲಲ್ಲ

ನಂಜನಗೂಡು ಎಂದೊಡನೆ ಕನ್ನಡಿಗರಿಗೆ ಮೂರು ಸಂಗತಿಗಳು ನೆನಪಾಗುತ್ತವೆ: ಶ್ರೀಕಂಠೇಶ್ವರನ ಗುಡಿ, ರಸಬಾಳೆಯ ಹಣ್ಣು, ಹಲ್ಲುಪುಡಿ. ಮೊದಲನೆಯದು ಭಕ್ತಿಗೆ, ಎರಡನೆಯದು ನಾಲಗೆಗೆ, ಮೂರನೆಯದು ಹಲ್ಲಿಗೆ. ಆಯುರ್ವೇದ ವೈದ್ಯರಾದ ಬಿ. ವಿ. ಪಂಡಿತರು 1913ರಲ್ಲಿ ಈ ಊರಿನಲ್ಲಿ ಸದ್ವೈದ್ಯಶಾಲೆಯನ್ನು ತೆರೆದರು. ಅಲ್ಲಿ ತಯಾರಾದ ನಸುಗೆಂಪು ಬಣ್ಣದ ಪುಡಿ ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ಮೈಸೂರು ಸೀಮೆಯ ಎಷ್ಟೋ ಬಚ್ಚಲುಮನೆಗಳ ಗೂಡಿನಲ್ಲಿ ನೆಲೆಸಿತು. ಎಡದ ಅಂಗೈಗೆ ಚಿಟಿಕೆ ಪುಡಿ ಸುರಿದುಕೊಂಡು, ಬಲಗೈಯ ತೋರುಬೆರಳಿನಿಂದ ಹಲ್ಲುಜ್ಜಿ, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಅಂದಿನ ದಿನ ಆರಂಭವಾದಂತೆ.

ಈಗ ಆ ಗೂಡಿನಲ್ಲಿ ಪೇಸ್ಟು, ಬ್ರಷ್ಷುಗಳು ಬಂದು ಕುಳಿತಿವೆ. ಅವುಗಳ ಪಕ್ಕಕ್ಕೆ ಈಚೆಗೆ ಅಡುಗೆಮನೆಯಿಂದ ಹೊಸ ಅತಿಥಿಯೊಂದು ಬರತೊಡಗಿದೆ. ಅದೇ ಅಡುಗೆ ಸೋಡ. ಬೋಂಡ, ಬಜ್ಜಿಗಳನ್ನು ಉಬ್ಬಿಸುವ ಈ ಬಿಳಿಯ ಪುಡಿಗೆ ನಿಂಬೆರಸ ಬೆರೆಸಿ ಉಜ್ಜಿದರೆ ಹಲ್ಲು ವಾರದೊಳಗೆ ಮಲ್ಲಿಗೆಯ ಮೊಗ್ಗಾಗುವುದೆಂದು ನೆರೆಮನೆಯವರು ಹೇಳುತ್ತಾರೆ. ಮೊಬೈಲಿನ ಚಿತ್ರಗಳೂ ಅದನ್ನೇ ಸಾರುತ್ತವೆ. ಖರ್ಚಿಲ್ಲ, ವೈದ್ಯರ ಹಂಗಿಲ್ಲ. ಇಷ್ಟು ಸುಲಭವಾದ ಉಪಾಯವನ್ನು ಯಾರು ತಾನೆ ಬಿಟ್ಟಾರು?

ನಂಜನಗೂಡಿನಲ್ಲಿಯೇ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಗೆ ಪಾವಗಡದ ಕಡೆಯಿಂದ ಸೊಸೆ ಬಂದಿದ್ದಾಳೆ. ಓದಿದವಳು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ಆದರೆ ನಗುವಾಗಲೆಲ್ಲ ಸೆರಗು ಬಾಯಿಗೆ ಅಡ್ಡ ಬರುತ್ತದೆ. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ಒಂದು ದಿನ ಅತ್ತೆ ತಡೆಯಲಾರದೆ ಕೇಳಿಯೇಬಿಟ್ಟರು:

“ದಿನವೂ ಹಲ್ಲುಜ್ಜುತ್ತೀಯೇನಮ್ಮ?”

“ಎರಡು ಹೊತ್ತೂ ಉಜ್ಜುತ್ತೇನೆ, ಅತ್ತೆ.”

ಅತ್ತೆ ಕೆಟ್ಟವರಲ್ಲ. ಆದರೂ ಆ ಪ್ರಶ್ನೆ ಸೊಸೆಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮರುದಿನದಿಂದ ಅವಳು ಎಲ್ಲರಿಗಿಂತ ಮೊದಲೆದ್ದು, ಸೋಡಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಬಚ್ಚಲ ಬಾಗಿಲು ಮುಚ್ಚಿಕೊಂಡು ಹಲ್ಲು ತಿಕ್ಕತೊಡಗಿದಳು. ಎರಡು ವಾರ ಕಳೆಯಿತು. ಕಂದು ಪಟ್ಟೆ ಇದ್ದಲ್ಲಿಯೇ ಇತ್ತು. ಹೊಸದಾಗಿ ಬಂದುದು ನೋವು: ತಣ್ಣೀರು ಕುಡಿದರೆ ಜುಮ್ಮೆನ್ನುವುದು, ಬಿಸಿ ಕಾಫಿ ತಾಗಿದರೆ ಸೆಳೆಯುವುದು, ಒಸಡಿನಲ್ಲಿ ಉರಿ.

ಅವಳ ತಪ್ಪೇನು? ಸೋಡದ ತಪ್ಪೇನು? ಉತ್ತರಕ್ಕಾಗಿ ಮೊದಲು ಹಲ್ಲಿನ ರಚನೆಯನ್ನು ನೋಡಬೇಕು.

ಹಲ್ಲಿನ ಹೊರಗೆ ಎನಾಮಲ್ ಎಂಬ ಕವಚವಿದೆ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಅತ್ಯಂತ ದಪ್ಪವಾದೆಡೆಯಲ್ಲಿಯೂ ಅದು ಸುಮಾರು 2.5 ಮಿಲಿಮೀಟರು ಮಾತ್ರ. ಒಸಡಿನ ಬಳಿ ತೀರ ತೆಳು. ಕವಚದ ಒಳಗಿರುವ ಡೆಂಟಿನ್ ಎಂಬ ಪದರಕ್ಕೆ ಸಹಜವಾಗಿಯೇ ನಸುಹಳದಿ ಬಣ್ಣ. ಎನಾಮಲ್ ಅರೆಪಾರದರ್ಶಕವಾದುದರಿಂದ ಆ ಹಳದಿ ಹೊರಗೆ ಇಣುಕುತ್ತದೆ. ಆದುದರಿಂದ ಆರೋಗ್ಯವಂತರ ಹಲ್ಲೂ ಸುಣ್ಣದಂತೆ ಬೆಳ್ಳಗಿರುವುದಿಲ್ಲ. ಇನ್ನೊಂದು ಮುಖ್ಯ ಸಂಗತಿ: ಎನಾಮಲನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ವೇಳೆಗೆ ನಾಶವಾಗಿರುತ್ತವೆ. ಕತ್ತರಿಸಿದ ಉಗುರು ಬೆಳೆಯುತ್ತದೆ, ಬೋಳಿಸಿದ ತಲೆಯಲ್ಲಿ ಕೂದಲು ಬರುತ್ತದೆ. ಸವೆದ ಎನಾಮಲ್ ಮಾತ್ರ ಮತ್ತೆ ಹುಟ್ಟದು. ಅದು ತೆಳುವಾದಷ್ಟೂ ಒಳಗಿನ ಹಳದಿಯೇ ಎದ್ದು ಕಾಣುವುದು. ಬಿಳುಪಿಗಾಗಿ ತಿಕ್ಕಿದವರು ಕೊನೆಗೆ ಹಳದಿಯನ್ನು ಗಳಿಸುವುದು ಹೀಗೆ.

ಇನ್ನು ಸೋಡದ ವಿಚಾರ. ಅಡುಗೆ ಸೋಡವೆಂದರೆ ಸೋಡಿಯಂ ಬೈಕಾರ್ಬೊನೇಟ್. ಅದರ ಹರಳುಗಳು ಎನಾಮಲಿಗಿಂತ ಮೆದು. ನೀರಿನಲ್ಲಿ ಬೇಗ ಕರಗುತ್ತವೆ. ಹಿಂದಿನವರು ಬಳಸುತ್ತಿದ್ದ ಇಟ್ಟಿಗೆಯ ಪುಡಿ, ಇದ್ದಿಲು, ಸಿಲಿಕವೇ ಹೆಚ್ಚಾಗಿರುವ ಭತ್ತದ ಹೊಟ್ಟಿನ ಬೂದಿ ಇವುಗಳೊಡನೆ ಹೋಲಿಸಿದರೆ ಸೋಡ ಸಾಧುಪ್ರಾಣಿಯೇ ಸರಿ. ಅದು ಕ್ಷಾರಗುಣದ್ದಾದುದರಿಂದ ಬಾಯೊಳಗಿನ ಹುಳಿಯನ್ನು ತಗ್ಗಿಸುತ್ತದೆ. ಕಾಫಿ, ಟೀ, ಎಲೆಅಡಿಕೆ, ಹೊಗೆಸೊಪ್ಪುಗಳಿಂದ ಹಲ್ಲಿನ ಮೇಲೆ ಅಂಟಿದ ಕಲೆಯನ್ನು ಸ್ವಲ್ಪಮಟ್ಟಿಗೆ ತೆಗೆಯುತ್ತದೆ. ಹಲವು ಪೇಸ್ಟುಗಳಲ್ಲಿ ಅದು ಸೇರಿರುವುದೂ ಇದೇ ಕಾರಣಕ್ಕೆ. ಆದರೆ ಅದರ ಶಕ್ತಿ ಅಷ್ಟಕ್ಕೇ ಮುಗಿಯಿತು. ಸೋಡ ಕೊಳೆಯನ್ನು ತೊಳೆಯಬಲ್ಲುದು. ಹಲ್ಲಿನ ಮೈಬಣ್ಣವನ್ನು ಬದಲಿಸಲಾರದು.

ನಿಂಬೆರಸದ ಕಥೆ ಬೇರೆ. ಬಾಯಿಯ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ನಿಂಬೆರಸದ ಪಿ.ಎಚ್. ಸುಮಾರು 2. ಸೋಡಕ್ಕೆ ನಿಂಬೆ ಹಿಂಡಿದಾಗ ಬುಸುಬುಸು ನೊರೆಯುಕ್ಕುವುದನ್ನು ಕಂಡು ಜನ ಅದನ್ನೇ ಔಷಧದ ಶಕ್ತಿಯೆಂದು ನಂಬುತ್ತಾರೆ. ಅದು ಹುಳಿಯೂ ಕ್ಷಾರವೂ ಒಂದನ್ನೊಂದು ಕೊಲ್ಲುವಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಅನಿಲ. ಜಗಳದ ಬಳಿಕ ನಿಂಬೆಯೇ ಮಿಕ್ಕರೆ ಅದು ಹಲ್ಲನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದ ಹಲ್ಲನ್ನು ಬ್ರಷ್ಷು ಸವೆಸುತ್ತದೆ. ಇದಕ್ಕಿಂತ ದೊಡ್ಡ ಅಪಾಯವೂ ಉಂಟು. ಬಟ್ಟೆ ಒಗೆಯುವ ಸೋಡ ಅಡುಗೆ ಸೋಡವಲ್ಲ. ಅದು ತೀಕ್ಷ್ಣವಾದ ಕ್ಷಾರ. ಬಾಯಿಗೆ ಹಾಕಿದರೆ ಒಸಡು, ನಾಲಗೆಗಳು ಬೆಂದುಹೋಗಬಹುದು. ಎರಡೂ ಬಿಳಿಯ ಪುಡಿಗಳೇ, ಹೆಸರೂ ಒಂದೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನೆನೆಯಬೇಕಾದ ಸ್ಥಳವಿದು.

ಕಲ್ಪನೆಯ ಮನೆಗೆ ಮರಳಬಹುದು. ಸೊಸೆ ತಣ್ಣೀರಿನ ಲೋಟವನ್ನು ತುಟಿಗಿಟ್ಟು ಕಣ್ಣು ಮುಚ್ಚಿಕೊಂಡುದನ್ನು ಅತ್ತೆ ಕಂಡರು. ವಿಷಯ ಬಯಲಾಯಿತು. ಮನಸ್ಸು ಕಲಕಿದ ಅತ್ತೆ ತಾವೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ದಂತವೈದ್ಯರ ಮುಂದೆ ಕೂರಿಸಿದರು. ವೈದ್ಯರು ಬಾಯಿ ತೆರೆಸಿ ನೋಡಿ, ಹಲ್ಲುಜ್ಜುವ ಪ್ರಶ್ನೆಯನ್ನೇ ಎತ್ತಲಿಲ್ಲ. “ನಿನ್ನ ತವರೂರು ಯಾವುದಮ್ಮ?” ಎಂದು ಕೇಳಿದರು.

ಆ ಒಂದು ಪ್ರಶ್ನೆಯಲ್ಲಿ ಎಲ್ಲವೂ ಅಡಗಿತ್ತು. ತುಮಕೂರು ಜಿಲ್ಲೆಯ ಪಾವಗಡ, ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಗದಗ ಜಿಲ್ಲೆಯ ಮುಂಡರಗಿ ಮೊದಲಾದ ತಾಲ್ಲೂಕುಗಳ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಅಧಿಕ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಇಂಥ ನೀರು ಹೊಟ್ಟೆಗೆ ಸೇರಿದರೆ ಎನಾಮಲಿನ ಹೆಣಿಗೆಯೇ ಕೆಡುತ್ತದೆ. ಬಿಳಿಯ ಮಚ್ಚೆ, ಕಂದು ಪಟ್ಟೆ, ಕೆಲವರಲ್ಲಿ ಕುಳಿಗಳು ಮೂಡುತ್ತವೆ. ಅಮೆರಿಕದ ಕೊಲರಾಡೊದಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೆ 1901ರಲ್ಲಿ ಇಂಥ ಹಲ್ಲುಗಳನ್ನು ಕಂಡು ಕಾರಣ ಹುಡುಕತೊಡಗಿದನು. ನೀರಿನ ಫ್ಲೋರೈಡೇ ಮೂಲವೆಂದು ಗೊತ್ತಾಗುವ ಹೊತ್ತಿಗೆ 1931 ಬಂದಿತ್ತು. ವಿದ್ವಾಂಸರಿಗೇ ಮೂವತ್ತು ವರ್ಷ ಹಿಡಿದ ಸತ್ಯ ಒಬ್ಬ ಅತ್ತೆಗೆ ಹೊಳೆಯಲಿಲ್ಲವೆಂದು ದೂರುವುದು ನ್ಯಾಯವಲ್ಲ. ಆದರೆ ತಿಳಿದ ಮೇಲೂ ಕಲೆಯನ್ನು ಕೊಳೆಯೆಂದು ಕರೆಯುವುದು ಅನ್ಯಾಯ.

ಈ ಕಲೆ ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲಿನೊಳಗೇ ಹೆಣೆದುಕೊಂಡದ್ದು. ಸೋಡವಾಗಲಿ, ಉಪ್ಪಾಗಲಿ, ಬಾಳೆಯ ಸಿಪ್ಪೆಯಾಗಲಿ ಅದನ್ನು ಅಳಿಸಲಾರದು. ಕಲೆ ತೀವ್ರವಾದ ಹಲ್ಲಿನ ಎನಾಮಲ್ ಮೊದಲೇ ದುರ್ಬಲ. ಅದನ್ನು ತಿಕ್ಕಿದಷ್ಟೂ ನಷ್ಟ. ಅದಕ್ಕೆ ಬೇರೆ ದಾರಿಗಳಿವೆ. ಕಲೆ ಮೇಲುಮೇಲಿನದಾದರೆ ದಂತವೈದ್ಯರು ಅದನ್ನು ಅಳತೆಯರಿತು ಉಜ್ಜಿ ತೆಗೆಯಬಲ್ಲರು. ಆಳವಾಗಿದ್ದರೆ ಹಲ್ಲಿನ ಬಣ್ಣದ ಲೇಪವನ್ನೋ ತೆಳುಹೊದಿಕೆಯನ್ನೋ ಕೂರಿಸಬಲ್ಲರು. ಯಾವುದನ್ನೂ ಮಾಡಿಸದಿದ್ದರೂ ದೋಷವಿಲ್ಲ.

ಕಾಫಿ, ಎಲೆಅಡಿಕೆಗಳ ಕಲೆಗೆ ಸೋಡವನ್ನು ಬಳಸಲೇಬೇಕೆನ್ನುವವರು ಚಿಟಿಕೆ ಅಡುಗೆ ಸೋಡವನ್ನು ನೀರಿನಲ್ಲಿ ಕಲಸಿ, ಮೆತ್ತನೆಯ ಬ್ರಷ್ಷಿನಿಂದ, ವಾರಕ್ಕೆ ಒಂದೆರಡು ಸಲ, ಹಗುರವಾಗಿ ಉಜ್ಜಿ ಉಗಿಯಬಹುದು. ನಿಂಬೆ ಬೇಡ. ನುಂಗುವುದು ಬೇಡ; ಅದರಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡದವರು ವಿಶೇಷವಾಗಿ ಎಚ್ಚರದಿಂದಿರಬೇಕು. ದಿನನಿತ್ಯದ ಪೇಸ್ಟನ್ನು ಬಿಡಬಾರದು. ಹುಳುಕನ್ನು ತಡೆಯುವ ಗುಣ ಬರಿಯ ಸೋಡಕ್ಕೆ ಸಾಲದು. ಹಲ್ಲು ಜುಮ್ಮೆಂದೊಡನೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಮಕ್ಕಳಿರುವ ಮನೆಯವರು ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡುವುದು ಎಲ್ಲಕ್ಕಿಂತ ಮೇಲು. ಹಲ್ಲು ಮೂಡುವ ಮೊದಲೇ ಮಾಡಬೇಕಾದ ಉಪಚಾರವದು.

ಮೈಸೂರಿನಿಂದ ಹಿಂದಿರುಗಿದ ಅತ್ತೆಸೊಸೆಯರು ಮನೆಗೆ ಹೋಗುವ ಮೊದಲು ಗುಡಿಯ ಮುಂದೆ ಇಳಿದರೆನ್ನೋಣ. ಒಳಗಿರುವವನು ನಂಜುಂಡ, ಲೋಕಕ್ಕಾಗಿ ನಂಜನ್ನು ಉಂಡವನು. ಉಂಡದ್ದು ಕೊರಳಿನಲ್ಲಿ ಕಪ್ಪಾಗಿ ನಿಂತಿತು. ಅದನ್ನು ಯಾರೂ ಕೊಳೆಯೆನ್ನಲಿಲ್ಲ, ತಿಕ್ಕಿ ತೆಗೆಯಿರೆನ್ನಲಿಲ್ಲ. ನೀಲಕಂಠನೆಂದು ಕರೆದು ಕೈಮುಗಿದರು. ಹುಟ್ಟೂರಿನ ನೀರು ಕುಡಿದ ಹೆಣ್ಣುಮಗಳ ಹಲ್ಲಿನಲ್ಲಿ ಆ ನೀರಿನ ಗುರುತು ನಿಂತಿದ್ದರೆ ಅವಳು ಸೆರಗು ಅಡ್ಡ ಹಿಡಿದು ನಗಬೇಕಾದ ಕಾರಣವೇನು? ತೇರುಬೀದಿಯಲ್ಲಿ ನಡೆಯುತ್ತ ಅತ್ತೆ ಏನೋ ಹೇಳಿದರು. ಸೊಸೆ ನಕ್ಕಳು. ಸೆರಗು ಹೆಗಲ ಮೇಲೆಯೇ ಇತ್ತು.