ಸೋಮಾರಿತನವೋ, ಗ್ರಂಥಿಯ ದೋಷವೋ?

ಒಬ್ಬರನ್ನು ಸೋಮಾರಿಯೆಂದು ಕರೆಯುವುದು ಬಹು ಸುಲಭದ ಕೆಲಸ. ಅದಕ್ಕೆ ಉಪಕರಣ ಬೇಕಿಲ್ಲ, ಪ್ರಮಾಣವೂ ಬೇಕಿಲ್ಲ. ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿನಿ, ಯಂತ್ರದ ಮುಂದೆ ಅರ್ಧ ದಿನಕ್ಕೇ ದಣಿಯುವ ಕೆಲಸಗಾರ, ಹೇಳಿದ ಮಾತನ್ನು ಮರೆಯುವ ಗೃಹಿಣಿ, ಇವರೆಲ್ಲರಿಗೂ ನಮ್ಮ ಸಮಾಜವು ಅದೊಂದೇ ಹೆಸರನ್ನು ಇಟ್ಟುಬಿಡುತ್ತದೆ. ಹಾಗೆ ಹೆಸರಿಡುವ ಮೊದಲು ಅವರ ಕುತ್ತಿಗೆಯ ಮುಂಭಾಗದಲ್ಲಿರುವ ಒಂದು ಪುಟ್ಟ ಗ್ರಂಥಿಯನ್ನು ವಿಚಾರಿಸಿಕೊಳ್ಳಬೇಕೆಂಬುದು ನನ್ನ ವಾದ.

ಥೈರಾಯ್ಡ್ ಎಂಬ ಈ ನಿರ್ನಾಳ ಗ್ರಂಥಿಯು ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಶ್ವಾಸನಾಳವನ್ನು ಅಪ್ಪಿಕೊಂಡಿದೆ. ತೂಕ ಸುಮಾರು 20 ಗ್ರಾಂ ಮಾತ್ರ. ಇದು ಅಯೋಡಿನನ್ನು ಬಳಸಿ ಥೈರಾಕ್ಸಿನ್ ಎಂಬ ರಸವನ್ನು ತಯಾರಿಸಿ ರಕ್ತಕ್ಕೆ ಸೇರಿಸುತ್ತದೆ. ನಾವು ಉಂಡ ಅನ್ನವನ್ನು ಜೀವಕೋಶಗಳು ಯಾವ ವೇಗದಲ್ಲಿ ಉರಿಸಬೇಕೆಂಬುದು ಬಹುಮಟ್ಟಿಗೆ ಈ ರಸದ ಅಧೀನ. ರಸವು ಕಡಿಮೆಯಾಯಿತೆಂದರೆ ಒಲೆಯ ಉರಿ ತಗ್ಗಿದಂತೆಯೇ ಸರಿ. ಹೃದಯದ ಬಡಿತ, ಕರುಳಿನ ಚಲನೆ, ಮನಸ್ಸಿನ ಚುರುಕು ಎಲ್ಲವೂ ಮಂದವಾಗುತ್ತವೆ.

ಈ ರೋಗದ ಲಕ್ಷಣಗಳಲ್ಲಿ ಒಂದಾದರೂ ವಿಶೇಷವಾದುದಲ್ಲ, ಕಷ್ಟವಿರುವುದು ಇಲ್ಲಿಯೇ. ದಣಿವು, ಮಲಬದ್ಧತೆ, ಒಣಗಿದ ಚರ್ಮ, ಉದುರುವ ಕೂದಲು, ತುಸು ಏರಿದ ತೂಕ, ಒರಟಾದ ಧ್ವನಿ, ಹುಡುಗಿಯರಲ್ಲಿ ಅತಿಯಾದ ಮಾಸಿಕ ಸ್ರಾವ — ಇವುಗಳಲ್ಲಿ ಒಂದೆರಡು ಇಲ್ಲದ ಮನೆ ಯಾವುದು? ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದವರೆಲ್ಲರೂ ಸ್ವೆಟರು ತೊಡುತ್ತಾರೆ, ಅದು ರೋಗವಲ್ಲ. ಆದರೆ ಚೈತ್ರದ ಬಿಸಿಲಿನಲ್ಲಿ, ಇತರರು ಬೆವರು ಒರೆಸಿಕೊಳ್ಳುತ್ತಿರುವಾಗ, ಒಬ್ಬಳು ಮಾತ್ರ ಫ್ಯಾನು ಆರಿಸಿರೆಂದು ಬೇಡಿಕೊಂಡರೆ, ಅವಳಿಗೆ ಮೇಲಿನ ಲಕ್ಷಣಗಳಲ್ಲಿ ಮೂರು ನಾಲ್ಕು ಒಟ್ಟಿಗೆ ತಿಂಗಳುಗಟ್ಟಲೆ ಕಾಡುತ್ತಿದ್ದರೆ, ಅವಳನ್ನು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ರಕ್ತಹೀನತೆಯೂ ಇಂತಹುದೇ ದಣಿವನ್ನು ತರುವುದರಿಂದ ವೈದ್ಯರು ಹಿಮೊಗ್ಲೋಬಿನನ್ನೂ ಅಳೆಯಿಸುವರು.

ಇದೇನು ಅಪರೂಪದ ರೋಗವಲ್ಲ. ಬೆಂಗಳೂರನ್ನೂ ಒಳಗೊಂಡಂತೆ ಭಾರತದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಮಿಕ್ಕಿದ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ಸುಮಾರು 11 ಮಂದಿಯಲ್ಲಿ ಈ ಕೊರತೆ ಕಂಡುಬಂದಿತು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಅದುವರೆಗೆ ತಮ್ಮ ರೋಗದ ಸುಳಿವೇ ಇರಲಿಲ್ಲ.

ಪರೀಕ್ಷೆಯಾದರೋ ಅತಿ ಸರಳ, ಅದರ ಹಿಂದಿನ ತರ್ಕ ಬಹು ಸೊಗಸು. ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಕೆಲಸಗಾರನು ಚುರುಕಾಗಿದ್ದರೆ ಮೇಸ್ತ್ರಿಯು ಮೆಲುದನಿಯಲ್ಲಿ ಮಾತನಾಡುವನು. ಕೆಲಸ ಹಿಂದೆ ಬಿದ್ದಂತೆ ಅವನ ದನಿ ಏರುವುದು. ನಮ್ಮ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೇ ಆ ಮೇಸ್ತ್ರಿ. ಅದು ಥೈರಾಯ್ಡನ್ನು ಪ್ರಚೋದಿಸಲು ಕಳುಹಿಸುವ ಟಿ.ಎಸ್.ಎಚ್. ಎಂಬ ರಸವೇ ಅವನ ದನಿ. ಆದ್ದರಿಂದ ಟಿ.ಎಸ್.ಎಚ್. ಏರಿದ್ದರೆ ಥೈರಾಯ್ಡ್ ಇಳಿದಿದೆಯೆಂದು ತಿಳಿಯಬೇಕು. ವರದಿಯನ್ನು ಕೈಯಲ್ಲಿ ಹಿಡಿದು "ನನ್ನದು ಹೆಚ್ಚಾಗಿದೆ, ಹಾಗಾದರೆ ಗ್ರಂಥಿ ಅತಿಯಾಗಿ ದುಡಿಯುತ್ತಿದೆ" ಎಂದು ತಪ್ಪಾಗಿ ಅರ್ಥೈಸುವ ಪದವೀಧರರೂ ಉಂಟು! ವಯಸ್ಕರಲ್ಲಿ ಇದರ ಪ್ರಮಾಣವು ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರುತ್ತದೆ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಅಲ್ಪ ವ್ಯತ್ಯಾಸವುಂಟು. ಅಪರೂಪವಾಗಿ ಮೇಸ್ತ್ರಿಯೇ ಕಾಯಿಲೆ ಬೀಳುವುದೂ ಇದೆ. ಆಗ ದನಿಯೇ ಏಳದು. ಅಂತಹ ಸಂದೇಹವಿದ್ದಲ್ಲಿ ಥೈರಾಕ್ಸಿನನ್ನೂ ನೇರವಾಗಿ ಅಳೆಯಬೇಕಾಗುತ್ತದೆ.

ಹಾಗೆಂದು ಎಲ್ಲರೂ ವರುಷಕ್ಕೊಮ್ಮೆ ರಕ್ತ ಕೊಟ್ಟು ಬರಬೇಕೆಂದು ನಾನು ಹೇಳಲಾರೆ. ಇಂದು ಪ್ರಯೋಗಶಾಲೆಗಳು ಹತ್ತಾರು ಪರೀಕ್ಷೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತಿವೆ. ಲಕ್ಷಣವೇ ಇಲ್ಲದವನ ಟಿ.ಎಸ್.ಎಚ್. 6 ಎಂದು ಬಂದೊಡನೆ ಮನೆಯಲ್ಲಿ ಗಾಬರಿ, ಮರುದಿನವೇ ಜೀವನಪರ್ಯಂತದ ಮಾತ್ರೆ! ಥೈರಾಕ್ಸಿನ್ ಸರಿಯಾಗಿದ್ದು ಟಿ.ಎಸ್.ಎಚ್. ತುಸುವೇ ಏರಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡುವುದೇ ವಿವೇಕ. ಅನೇಕರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಗರ್ಭಿಣಿಯರ ಮಾತು ಬೇರೆ. ಅವರು ಕಾಯುತ್ತ ಕೂಡುವಂತಿಲ್ಲ. ಲಕ್ಷಣವಿರುವವರು ಪರೀಕ್ಷೆಗೆ ಹೋಗುವುದಿಲ್ಲ, ಇಲ್ಲದವರು ಸಾಲುಗಟ್ಟುತ್ತಾರೆ. ನನಗೆ ಕಾಣುವ ವಿಪರ್ಯಾಸವಿದು.

ಮನಸ್ಸಿನ ವಿಷಯವನ್ನು ಇಲ್ಲಿ ಹೇಳದಿರಲಾಗದು. 1949ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಶರ್ ಎಂಬ ವೈದ್ಯರು, ಥೈರಾಯ್ಡ್ ಕೊರತೆಯೊಡನೆ ಬುದ್ಧಿವಿಕಲ್ಪವಿದ್ದ 14 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಗ್ರಂಥಿಯ ರಸವನ್ನು ಕೊಟ್ಟಾಗ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. 1845ರಷ್ಟು ಹಿಂದೆಯೇ ಮನೋರೋಗಿಗಳಿಗೆ ಆಸ್ಪತ್ರೆಯನ್ನು ಕಂಡ ಧಾರವಾಡದ ಜನರು ಇದನ್ನು ವಿಶೇಷವಾಗಿ ನೆನಪಿಡಬೇಕು. ಖಿನ್ನತೆಯಿಂದ ಮೂಲೆ ಹಿಡಿದವರಿಗೆ ಮಂತ್ರ ತಾಯಿತಗಳನ್ನು ಕಟ್ಟಿಸುವ ಕುಟುಂಬಗಳು ಇಂದಿಗೂ ಇವೆ. ಒಂದು ಚಮಚ ರಕ್ತದಿಂದ ತಿಳಿಯಬಹುದಾದ ಕಾರಣವನ್ನು ಗ್ರಹಗತಿಯಲ್ಲಿ ಹುಡುಕುವುದು ಎಷ್ಟು ಸರಿ?

ಉಪ್ಪಿನ ಬಗೆಗೂ ಒಂದು ಭ್ರಮೆಯುಂಟು. ಅಯೋಡಿನಿನ ಅಭಾವದಿಂದ ಗಳಗಂಡ ಬರುತ್ತಿದ್ದ ಕಾಲದಲ್ಲಿ, 1962ರಲ್ಲಿ, ಭಾರತ ಸರಕಾರವು ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚತೊಡಗಿತು. ಅದರ ಉಪಕಾರ ದೊಡ್ಡದು. ಆದರೆ ಅಯೋಡಿನ್ ಸಾಕಷ್ಟು ದೊರೆಯುವಲ್ಲಿ ಈ ಕೊರತೆಗೆ ಮುಖ್ಯ ಕಾರಣ, ಶರೀರದ ರಕ್ಷಣಾ ಪಡೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಜಪಾನಿನ ಹಶಿಮೊಟೊ 1912ರಲ್ಲಿ ವರ್ಣಿಸಿದ ರೋಗವಿದು. ಇಂತಹವರು ಉಪ್ಪನ್ನು ಹೆಚ್ಚು ತಿಂದರೆ ಪ್ರಯೋಜನವಿಲ್ಲ.

ಚಿಕಿತ್ಸೆಯ ಕಥೆ 1891ಕ್ಕೆ ಹೋಗುತ್ತದೆ. ಆ ವರ್ಷ ಜಾರ್ಜ್ ಮರ್ರೆ ಎಂಬ ಆಂಗ್ಲ ವೈದ್ಯರು ಕುರಿಯ ಥೈರಾಯ್ಡ್ ರಸವನ್ನು ಒಬ್ಬ ಸ್ತ್ರೀಗೆ ಚುಚ್ಚಿದರು. ರೋಗವು ಬಹಳ ಮುಂದುವರಿದಿದ್ದ ಆಕೆ ಮುಂದೆ 28 ವರ್ಷ ಬದುಕಿದಳು. ಇಂದು ಕುರಿಯ ಹಂಗಿಲ್ಲ. ದಿನಕ್ಕೊಂದು ಚಿಕ್ಕ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಚಹಾ ಕುಡಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಕಾದರಾಯಿತು. ಕಬ್ಬಿಣ, ಸುಣ್ಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಹಾಯೆನಿಸಿತೆಂದು ತಾವಾಗಿಯೇ ನಿಲ್ಲಿಸುವವರು ಬಹಳ, ಅದು ಕೂಡದು.

ಆದರೆ ನನ್ನ ಅತ್ಯಂತ ಆಗ್ರಹದ ಮಾತು ನವಜಾತ ಶಿಶುಗಳ ಕುರಿತು. ಹುಟ್ಟುವಾಗಲೇ ಈ ಗ್ರಂಥಿಯಿಲ್ಲದ, ಅಥವಾ ದುರ್ಬಲವಾಗಿರುವ ಮಕ್ಕಳುಂಟು. ತಾಯಿಯ ರಕ್ತದಿಂದ ಬಂದ ರಸದ ಬಲದಿಂದ ಆ ಕೂಸು ಮೊದಲ ದಿನಗಳಲ್ಲಿ ಆರೋಗ್ಯವಂತವಾಗಿಯೇ ಕಾಣುವುದು. ಹೆಚ್ಚು ಅಳದೆ ಮಲಗುವ ಮಗುವನ್ನು ಕಂಡು ಹಿರಿಯರು ಜಾಣ ಕೂಸೆಂದು ಹೊಗಳುವರು. ಲಕ್ಷಣಗಳು ಸ್ಪಷ್ಟವಾಗುವ ವೇಳೆಗೆ ಮಿದುಳಿಗೆ ಆದ ಹಾನಿಯನ್ನು ಯಾವ ಮಾತ್ರೆಯೂ ತುಂಬಿಕೊಡಲಾರದು. ಎರಡು ವಾರದೊಳಗೆ ಚಿಕಿತ್ಸೆ ಮೊದಲಾದರೆ ಅದೇ ಮಗು ಇತರರಂತೆ ಓದಿ ಬೆಳೆಯಬಲ್ಲದು. ಬೇಕಾದುದು ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ. ಅನೇಕ ದೇಶಗಳಲ್ಲಿ 1970ರ ದಶಕದಿಂದಲೇ ಇದು ವಾಡಿಕೆಯಾಗಿದೆ. ನೆರೆಯ ಕೇರಳವು ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಇದನ್ನು ನಡೆಸುತ್ತಿದೆ. ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಕಡ್ಡಾಯದ ನಿಯಮ ಮಾತ್ರ ಇನ್ನೂ ಇಲ್ಲ. 1957ರಲ್ಲಿಯೇ ಮೆಡಿಕಲ್ ಕಾಲೇಜನ್ನು ಪಡೆದ ಹುಬ್ಬಳ್ಳಿಯ ನೆರೆಹೊರೆಯಲ್ಲಿ, ಲಕಮನಹಳ್ಳಿಯ ದುಡಿಯುವ ತಾಯಿಯ ಕೂಸಿಗೆ ಈ ಪರೀಕ್ಷೆ ದೊರೆಯುವುದು ಅದೃಷ್ಟದ ಮಾತಾಗಬಾರದು. ನಿಯಮ ಬರುವವರೆಗೆ, ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಹೆರಿಗೆಗೆ ಹೋದಾಗ, ಮಗು ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯ ರಕ್ತವನ್ನು ಪರೀಕ್ಷಿಸುವಿರಾ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿರಿ. ವರದಿ ಕೈಸೇರಿತೇ ಎಂಬುದನ್ನೂ ವಿಚಾರಿಸಿರಿ.