ಮಗುವಿಗೆ ಮಾತು ತಡವಾಯಿತೆಂದು ಕನ್ನಡ ಬಿಡಬೇಡಿ

ಈ ಸಲದ ಆರೋಗ್ಯ ಲೇಖನ ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ.

ಮಾನೇಸರಿಗೆ ಕೆಲಸಕ್ಕೆ ಬಂದ ನಮ್ಮವರ ಮನೆ ಹೇಗಿರುತ್ತದೆ, ನಿಮಗೇ ಗೊತ್ತು. ಎರಡು ಕೋಣೆ, ಅಪ್ಪ ಶಿಫ್ಟಿನಲ್ಲಿ, ಅಜ್ಜಿ ವಿಡಿಯೋ ಕಾಲ್‌ನಲ್ಲಿ. ಹೊರಗೆ ಹಿಂದಿ, ಹರಿಯಾಣ್ವಿ. ಪ್ಲೇ ಸ್ಕೂಲಿನಲ್ಲಿ ಇಂಗ್ಲಿಷ್ ರೈಮ್ಸ್. ಮಗು ಎರಡೂವರೆ ವರ್ಷಕ್ಕೂ ಮಾತಾಡದಿದ್ದರೆ ಸುತ್ತಲಿನವರ ಸಲಹೆ ಒಂದೇ: "ಮೂರು ಭಾಷೆ ಕೇಳಿ ಮಗುವಿಗೆ ಗಲಿಬಿಲಿ ಆಗಿದೆ, ಮನೆಯಲ್ಲೂ ಹಿಂದಿ ಮಾತಾಡಿ." ಕೆಲವು ಡಾಕ್ಟರುಗಳೂ ಹಾಗೇ ಹೇಳುತ್ತಾರೆ.

ಈ ಸಲಹೆ ಪಾಲಿಸಬೇಡಿ ಎನ್ನುತ್ತೇನೆ. ಹೆಚ್ಚು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಗುವಿಗೆ ಎರಡನೆಯ ಭಾಷೆಯಿಂದ ಮಾತು ಇನ್ನಷ್ಟು ತಡವಾಗುತ್ತದೆಯೇ ಎಂದು ಕೆನಡಾದಲ್ಲಿ ಹ್ಯಾಂಬ್ಲಿ ಮತ್ತು ಫಾಂಬೋನ್ ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಂಥ ಹೆಚ್ಚುವರಿ ತೊಂದರೆ ಕಾಣಲಿಲ್ಲ.

ಕನ್ನಡ ಬಿಟ್ಟಾಗ ಮನೆಯಲ್ಲಿ ಏನಾಗುತ್ತದೆ ನೋಡಿ. ಅಮ್ಮನಿಗೆ ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು ಹಿಂದಿ ಬರುತ್ತದೆ. ಮಗುವನ್ನು ರಮಿಸಲು, ರೇಗಿಸಲು, ಸುಮ್ಮನೆ ಹರಟಲು ಸಾಲದು. "ಪಾನಿ ಪಿಯೋ", "ಇಧರ್ ಆವೋ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಜ್ಜಿಯ ಜೊತೆಗಿದ್ದ ಎಳೆಯೂ ತುಂಡಾಗುತ್ತದೆ. ಹೆಚ್ಚು ಮಾತು ಬೇಕಾದ ಮಗುವಿಗೇ ಮಾತು ಕಮ್ಮಿಯಾಯಿತು.

ಇನ್ನೊಂದು ವಿಷಯ. ನಾವು ಎಷ್ಟು ಪದ ಬಂತು ಎಂದು ಎಣಿಸುತ್ತೇವೆ. ನೂರರವರೆಗೆ ಇಂಗ್ಲಿಷಿನಲ್ಲಿ ಎಣಿಸುವ ಮಗು ನೀರು ಬೇಕೆಂದು ಕೇಳಲಾರದೆ ಅಳುವುದುಂಟು. ಪದಕ್ಕಿಂತ ಮೊದಲು ಬರಬೇಕಾದ್ದು ಹಂಚಿಕೊಳ್ಳುವ ಆಸೆ. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ಮಗು ತಿರುಗುತ್ತದೆಯೇ? ಒಂದೂವರೆ ವರ್ಷಕ್ಕೆ ಬಾಲ್ಕನಿಯಿಂದ ನಾಯಿ ಕಂಡರೆ ಬೆರಳು ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆಯೇ? ಇಲ್ಲವಾದರೆ "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ಬೆಳವಣಿಗೆ ತಜ್ಞರನ್ನು ನೋಡಿ. ದೆಹಲಿಯಲ್ಲಿ ಏಮ್ಸ್ ಇದೆ. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ತೋರಿಸಬಹುದು, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಮಾತು ಮತ್ತು ಭಾಷೆಯ ನ್ಯೂನತೆ ಎರಡೂ ಸೇರಿವೆ. ಸರ್ಟಿಫಿಕೇಟ್ ಮಾಡಿಸಲು ನಾಚಿಕೆ ಬೇಡ.

ಕನ್ನಡವೇ ಮದ್ದು ಎನ್ನುತ್ತಿಲ್ಲ. ಥೆರಪಿ ಬೇಕೇ ಬೇಕು, ಅದು ಇಲ್ಲಿ ಹಿಂದಿಯಲ್ಲಿ ನಡೆದರೂ ನಡೆಯಲಿ. ಆದರೆ ವಾರಕ್ಕೆ ಎರಡು ಗಂಟೆ ಥೆರಪಿ, ಉಳಿದ ಹೊತ್ತೆಲ್ಲ ನಿಮ್ಮದು. ಕಣ್ಣಾಮುಚ್ಚಾಲೆ ಆಡಿಸಿ, ನಡುವೆ ನಿಲ್ಲಿಸಿ ಸುಮ್ಮನೆ ಕಾಯಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಮಗು ಕಣ್ಣಲ್ಲೋ ಕೈಯಲ್ಲೋ "ಇನ್ನೊಂದ್ಸಲ" ಎಂದರೆ ಅದೂ ಮಾತೇ. ಬಿಸ್ಕತ್ತಿನ ಡಬ್ಬ ಕೈಗೆ ಎಟುಕದಂತೆ, ಕಣ್ಣಿಗೆ ಕಾಣುವಂತೆ ಇಡಿ. ಕೇಳಲು ಒಂದು ಕಾರಣ ಸಿಗಲಿ. (ಕಾಯುವುದೇ ಕಷ್ಟ, ನಮ್ಮ ಬಾಯಿ ಸುಮ್ಮನಿರುವುದಿಲ್ಲ!)

ಒಂದು ಕೆಲಸ ಇವತ್ತೇ ಮಾಡಿ. ಮಗು "ಬೇಡ", "ತಾ", "ಅಜ್ಜಿ" ಎನ್ನುತ್ತಿರಬಹುದು. ಇಲ್ಲಿನ ಟೀಚರಿಗೆ ಅವು ಬರೀ ಶಬ್ದ, ಹಾಗಾಗಿ ವರದಿಯಲ್ಲಿ "ಮಾತಿಲ್ಲ" ಎಂದು ಬರೆಯುತ್ತಾರೆ. ಮಗು ಆಡುವ ಅಷ್ಟೂ ಕನ್ನಡ ಪದಗಳನ್ನು ಹಿಂದಿ ಲಿಪಿಯಲ್ಲಿ ಅರ್ಥದ ಸಮೇತ ಒಂದು ಹಾಳೆಯಲ್ಲಿ ಬರೆದು ಟೀಚರಿಗೂ ಥೆರಪಿಸ್ಟಿಗೂ ಕೊಡಿ. ನಾಳೆ ಮಗು "ತಾ" ಎಂದು ಕೈ ಚಾಚಿದಾಗ ಅವರು ಕೊಡಲಿ.