ನೈವೇಲಿಯ ನೀರಿನ ಲೆಕ್ಕ ಯಾರ ಕಡತದಲ್ಲಿರಬೇಕು?

ತಮಿಳುನಾಡಿನ ಕಡಲೂರು ಜಿಲ್ಲೆಯ ನೈವೇಲಿಯಲ್ಲಿ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲನ್ನು ತೆರೆದ ಗಣಿಯಲ್ಲಿ ಅಗೆಯಬೇಕಾದರೆ ಮೊದಲು ನೀರನ್ನು ಎತ್ತಲೇಬೇಕು. ಲಿಗ್ನೈಟ್ ಪದರದ ಕೆಳಗೆ ಅಂತರ್ಜಲವು ಭಾರೀ ಒತ್ತಡದಲ್ಲಿದೆ. ಮೇಲಿನ ಮಣ್ಣಿನ ಭಾರ ತೆಗೆದರೆ ಅದು ಗಣಿಯ ತಳವನ್ನೇ ಸೀಳಿಕೊಂಡು ನುಗ್ಗೀತು. ಹೀಗಾಗಿ 1961ರಿಂದಲೂ ಅಲ್ಲಿ ಪಂಪುಗಳು ಹಗಲಿರುಳು ಓಡುತ್ತಿವೆ. ಅವನ್ನು ನಿಲ್ಲಿಸಿ ಎಂದರೆ ಗಣಿ ಮುಚ್ಚಿ ಎಂದಂತೆಯೇ. ಆದರೆ ಎತ್ತಿದ ನೀರೆಷ್ಟು, ಸುತ್ತಲಿನ ಭತ್ತ, ಕಬ್ಬಿನ ಹೊಲಗಳಡಿ ಜಲಮಟ್ಟ ಎಷ್ಟು ಇಳಿಯಿತು ಎಂಬುದನ್ನು ಅಳೆಯುವವರು ಯಾರು?

ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿಯಂತೆ ಗಣಿಗಳು ನಿರಾಕ್ಷೇಪಣಾ ಪತ್ರ ಪಡೆಯಬೇಕು, ಮೀಟರ್ ಅಳವಡಿಸಬೇಕು, ವೀಕ್ಷಣಾ ಬಾವಿಗಳಲ್ಲಿ ಮಟ್ಟ ದಾಖಲಿಸಬೇಕು. ಸರಿಯೇ. ಅಳೆದು ವರದಿ ಸಲ್ಲಿಸುವ ಹೊಣೆಯೂ ಗಣಿಯದೇ ಎಂಬಲ್ಲಿ ತೊಡಕು. ಬಾವಿ ಬತ್ತಿತೆಂದು ದೂರುವ ರೈತನ ಬಳಿ ಹತ್ತು ವರ್ಷದ ಹಿಂದಿನ ಮಟ್ಟದ ದಾಖಲೆ ಎಲ್ಲಿಂದ ಬರಬೇಕು? ಮಳೆಯ ಕೊರತೆ, ರೈತರ ಪಂಪುಗಳೂ ಮಟ್ಟವನ್ನು ಇಳಿಸುತ್ತವೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಯಾವುದರ ಪಾಲು ಎಷ್ಟೆಂದು ಬಿಡಿಸಿ ತೋರಿಸಬಲ್ಲದ್ದು ಗಣಿಯ ಅಂಚಿನಲ್ಲೂ ದೂರದ ಹಳ್ಳಿಗಳಲ್ಲೂ ವರ್ಷಾನುಗಟ್ಟಲೆ ನಡೆಯುವ ಅಳತೆ. ಅದು ಗಣಿಯ ಸಂಬಳ ಪಡೆಯದವರ ಕೈಯಲ್ಲಿರಬೇಕು.

ನೈವೇಲಿಯ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿರುವುದರಿಂದ ಇದು ನೆರೆಮನೆಯ ವ್ಯಾಜ್ಯವೆಂದು ನಾವು ಸುಮ್ಮನಿರುವಂತಿಲ್ಲ. ಪ್ರತಿ ವೀಕ್ಷಣಾ ಬಾವಿಯ ಮಟ್ಟವನ್ನೂ ಪಂಪುಗಳ ಮೀಟರ್ ಅಂಕಿಗಳನ್ನೂ ತಿಂಗಳಿಗೊಮ್ಮೆ ಆಯಾ ಪಂಚಾಯಿತಿ ಕಚೇರಿಯಲ್ಲಿ ತಮಿಳಿನಲ್ಲೇ ಪ್ರಕಟಿಸಬೇಕು. ಅವನ್ನು ಸರ್ಕಾರದ ಅಂತರ್ಜಲ ತಜ್ಞರು ರೈತರ ಎದುರಿನಲ್ಲೇ ತಾಳೆ ನೋಡಬೇಕು.